ಲಂಡನ್ ಮೃಗಾಲಯದ ಖಾಲಿ ಕೊಟ್ಟಿಗೆಗಳು

ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ 1870ರ ಸುಮಾರಿಗೆ ತೆಗೆದ ಒಂದು ಫೋಟೊ ಇದೆ. ಕುದುರೆಯಂಥ ಒಂದು ಹೆಣ್ಣು ಪ್ರಾಣಿ ಅಡ್ಡಕ್ಕೆ ನಿಂತಿದೆ. ತಲೆಯಿಂದ ಹೆಗಲವರೆಗೆ ಝೀಬ್ರಾದ ಪಟ್ಟೆ. ಹೊಟ್ಟೆಯ ಹತ್ತಿರ ಬರುವಷ್ಟರಲ್ಲಿ ಪಟ್ಟೆ ಮಾಸುತ್ತ ಹೋಗಿ, ಹಿಂಭಾಗವೆಲ್ಲ ಬರೀ ಒಂದೇ ಬಣ್ಣ. ಪಟ್ಟೆ ಬಳಿಯುತ್ತಿದ್ದವನು ಅರ್ಧಕ್ಕೇ ಕುಂಚ ಇಟ್ಟು ಊಟಕ್ಕೆ ಎದ್ದು ಹೋದ ಹಾಗೆ. ಇದು ಕ್ವಾಗಾ. ಜೀವಂತ ಕ್ವಾಗಾದ ಫೋಟೊ ಅಂತ ಜಗತ್ತಿನಲ್ಲಿ ಇರುವುದು ಈ ಒಂದು ಹೆಣ್ಣಿನದು ಮಾತ್ರ. 1851ರಲ್ಲಿ ಲಂಡನ್ನಿಗೆ ಬಂದಿತ್ತು, 1872ರಲ್ಲಿ ಸತ್ತಿತು. ಇಪ್ಪತ್ತೊಂದು ವರ್ಷ ಜನ ಅದರ ಮುಂದೆ ಹಾದು ಹೋದರು. ಹನ್ನೊಂದು ವರ್ಷ ಬಿಟ್ಟು, 1883ರ ಆಗಸ್ಟ್ 12ರಂದು, ಆಮ್‌ಸ್ಟರ್‌ಡ್ಯಾಮ್ ಮೃಗಾಲಯದಲ್ಲಿ ಇನ್ನೊಂದು ಕ್ವಾಗಾ ಸತ್ತಾಗ ಆ ಕುಲವೇ ಮುಗಿಯಿತು. ಅದೇ ಕೊನೆಯದು ಅಂತ ಆ ದಿನ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ನಮ್ಮಲ್ಲಿ ಶಾಲಾ ಪ್ರವಾಸಕ್ಕೆ ಮೈಸೂರು ಝೂಗೆ ಹೋದ ಯಾರಿಗಾದರೂ ಇದರ ಕಾರಣ ಅರ್ಥವಾಗುತ್ತದೆ. ಹುಲಿಯ ಮುಂದೆ ನೂಕುನುಗ್ಗಲು, ಜಿರಾಫೆಯ ಮುಂದೆ ಫೋಟೊ. ಜಿಂಕೆ, ಕಡವೆಗಳ ಬೇಲಿ ಬಂತೆಂದರೆ ಮೇಷ್ಟ್ರು "ಇದು ಜಿಂಕೆ ಕಣ್ರೋ, ನಡೀರಿ ನಡೀರಿ" ಎನ್ನುತ್ತಾರೆ. ಕೊಂಬಿರುವ, ಮೆಲುಕು ಹಾಕುವ, ಕಂದು ಬಣ್ಣದ ಪ್ರಾಣಿಯ ಮುಂದೆ ಎರಡು ನಿಮಿಷ ನಿಲ್ಲುವವರು ಕಡಿಮೆ. ದನಕರು ಕಂಡು ಬೆಳೆದ ನಮಗಂತೂ ಅದರಲ್ಲಿ ಹೊಸದೇನೂ ಕಾಣುವುದಿಲ್ಲ.

ಯೂರೋಪಿನ ಹಳೆಯ ನಗರ ಮೃಗಾಲಯಗಳಲ್ಲಿ ಕೆಲವು ದಶಕಗಳಿಂದ ನಡೆದಿರುವುದು ಈ ಅಸಡ್ಡೆಯ ಮುಂದುವರಿದ ಭಾಗ. ಗೊರಸಿನ ಪ್ರಾಣಿಗಳು ಒಂದೊಂದಾಗಿ ಊರು ಬಿಡುತ್ತಿವೆ. ಅವುಗಳಿಗಾಗಿ ಕಟ್ಟಿದ ಮನೆಗಳಲ್ಲಿ ಕೆಲವನ್ನು ಕೆಡವಿದ್ದಾರೆ, ಕೆಲವನ್ನು ಕೆಡವಲು ಕಾನೂನು ಬಿಡದೆ ಹಾಗೇ ನಿಲ್ಲಿಸಿದ್ದಾರೆ. ಇಲ್ಲಿರುವ ವಿಪರ್ಯಾಸ ನನ್ನನ್ನು ಬಹಳ ದಿನದಿಂದ ಕಾಡಿದೆ. "ಅಳಿವಿನಂಚಿನ ಪ್ರಾಣಿಗಳನ್ನು ಉಳಿಸುತ್ತಿದ್ದೇವೆ" ಎಂದು ಝೂಗಳು ಹೇಳಿಕೊಳ್ಳುವ ಮಾತಿಗೆ ಗಟ್ಟಿ ಸಾಕ್ಷಿ ಒದಗಿಸಿದ್ದು ಹುಲಿ ಸಿಂಹಗಳಲ್ಲ, ಈ ಗೊರಸಿನ ಪ್ರಾಣಿಗಳು. ಜಾಗ ಖಾಲಿ ಮಾಡಿ ಎಂದು ಮೊದಲು ಹೇಳಿಸಿಕೊಂಡವೂ ಅವೇ.

ಲಂಡನ್ ಝೂ ಶುರುವಾದದ್ದು 1828ರಲ್ಲಿ, ಜಾಗ ಒಟ್ಟು 36 ಎಕರೆ. ನಮ್ಮ ಕಡೆ ಒಬ್ಬ ಅನುಕೂಲಸ್ಥ ರೈತನ ಹೊಲ ಇರುವಷ್ಟು. ಮೊದಲ ಇಪ್ಪತ್ತು ವರ್ಷ ಅಲ್ಲಿಗೆ ಜನಸಾಮಾನ್ಯರಿಗೆ ಪ್ರವೇಶವೇ ಇರಲಿಲ್ಲ. ಪ್ರಾಣಿವಿಜ್ಞಾನ ಸಂಘದ ಸದಸ್ಯರು, ಅವರ ಶಿಫಾರಸು ಪಡೆದವರು ಹೋಗಬಹುದಿತ್ತು, ಅಷ್ಟೆ. 1847ರಲ್ಲಿ ಎಲ್ಲರಿಗೂ ಗೇಟು ತೆರೆಯಿತು. 1850ರಲ್ಲಿ ಒಬಾಯ್ಷ್ ಎಂಬ ನೀರಾನೆ ಮರಿ ಬಂದ ವರ್ಷ ನೋಡಲು ಬಂದವರ ಸಂಖ್ಯೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ರೋಮನ್ನರ ಕಾಲದ ನಂತರ ಯೂರೋಪ್ ಕಂಡ ಮೊದಲ ನೀರಾನೆ ಅದು. ಒಂದು ದೊಡ್ಡ ಪ್ರಾಣಿ ಬಂದರೆ ಗಲ್ಲಾಪೆಟ್ಟಿಗೆ ತುಂಬುತ್ತದೆ ಎಂಬ ಪಾಠವನ್ನು ಆಡಳಿತ ಕಲಿತದ್ದು ಆಗಲೇ ಇರಬೇಕು.

ಆಗಿನ ಪದ್ಧತಿಯೂ ಹಾಗಿತ್ತು. ಅಂಚೆಚೀಟಿ ಕೂಡಿಸುವವರಂತೆ ಒಂದೊಂದು ಜಾತಿಯದ್ದು ಒಂದೊಂದು, ಹೆಚ್ಚೆಂದರೆ ಎರಡು. ಜಿಂಕೆಯಲ್ಲಿ ಇಷ್ಟು ಬಗೆ, ಹುಲ್ಲೆಯಲ್ಲಿ ಇಷ್ಟು ಬಗೆ, ಕಾಡುಕತ್ತೆಯಲ್ಲಿ ಇಷ್ಟು ಬಗೆ ಎಂದು ಸಾಲಾಗಿ ದೊಡ್ಡಿಗಳು, ಎದುರಿಗೆ ಹೆಸರಿನ ಫಲಕ. 1872ರಲ್ಲಿ ಚಿತ್ತಗಾಂಗ್ ಕಡೆಯಿಂದ ಬಂದ 'ಬೇಗಂ' ಎಂಬ ಹೆಣ್ಣು ಘೇಂಡಾಮೃಗದ ಕಿವಿಯಂಚಿನಲ್ಲಿ ಉದ್ದ ಕೂದಲಿತ್ತು. ಅದನ್ನು ನೋಡಿಯೇ ಸಂಘದ ಕಾರ್ಯದರ್ಶಿ ಫಿಲಿಪ್ ಸ್ಕ್ಲೇಟರ್ ಅದಕ್ಕೊಂದು ಹೊಸ ಹೆಸರಿಟ್ಟ. ಸುಮಾತ್ರಾ ಘೇಂಡಾದ ಉತ್ತರದ ಬಗೆ ಅದು. ಬೇಗಂ 1900ರವರೆಗೆ, ಅಂದರೆ 28 ವರ್ಷ, ಲಂಡನ್ನಿನಲ್ಲಿ ಬದುಕಿತು, ಒಂದು ಮರಿಯನ್ನೂ ಹಾಕದೆ. ಅದರ ಜೊತೆಯ ಕಾಲದಲ್ಲೇ, 1874ರಿಂದ 1885ರವರೆಗೆ, ಒಂದು ಜಾವಾ ಘೇಂಡಾವೂ ಅಲ್ಲಿತ್ತು. ಇವತ್ತು ಜಾವಾ ಘೇಂಡಾ ಜಗತ್ತಿನ ಯಾವ ಮೃಗಾಲಯದಲ್ಲೂ ಒಂದೂ ಇಲ್ಲ.

ಇಲ್ಲಿ ಕಲ್ಕತ್ತೆಯ ಕಥೆಯೊಂದನ್ನು ಸೇರಿಸಲೇಬೇಕು. ಬೇಗಂ ಲಂಡನ್ನಿನಲ್ಲಿ ಒಂಟಿಯಾಗಿದ್ದಾಗಲೇ, 1889ರಲ್ಲಿ, ಆಲಿಪುರ ಮೃಗಾಲಯದಲ್ಲಿ ಸುಮಾತ್ರಾ ಘೇಂಡಾ ಮರಿ ಹಾಕಿತು. ಆಗ ಅಲ್ಲಿನ ಮೇಲ್ವಿಚಾರಕ ರಾಮಬ್ರಹ್ಮ ಸನ್ಯಾಲ್. ಮೂರು ವರ್ಷದ ನಂತರ ಪ್ರಾಣಿಗಳನ್ನು ಸಾಕುವ ಬಗೆಯ ಬಗ್ಗೆ ಕೈಪಿಡಿಯನ್ನೂ ಬರೆದರು. ಮನುಷ್ಯರ ಸಾಕಣೆಯಲ್ಲಿ ಆ ಜಾತಿಯ ಮುಂದಿನ ಮರಿ ಹುಟ್ಟಿ ಬದುಕಲು ಅಮೆರಿಕದ ಸಿನ್ಸಿನಾಟಿ ಝೂನಲ್ಲಿ 2001ನೇ ಇಸವಿ ಬರಬೇಕಾಯಿತು. ನಡುವೆ 112 ವರ್ಷ! 1984ರಿಂದ ಹತ್ತಾರು ಸುಮಾತ್ರಾ ಘೇಂಡಾಗಳನ್ನು ಕಾಡಿನಿಂದ ಹಿಡಿದು ತಂದು ಸಾಕಲು ನೋಡಿದರು, ಬಹುಪಾಲು ಸತ್ತವು. ಈಗ ಭೂಮಿಯ ಮೇಲೆ ಉಳಿದಿರುವುದು 50ಕ್ಕೂ ಕಡಿಮೆ ಎಂದು ಅಂದಾಜು. ಮೃಗಾಲಯದಿಂದ ಒಂದು ಜಾತಿ ಹೋದಾಗ ಪಂಜರವೊಂದು ಖಾಲಿಯಾಗುವುದಷ್ಟೇ ಅಲ್ಲ, ಏನು ಮೇವು ಹಾಕಬೇಕು, ಗಂಡುಹೆಣ್ಣನ್ನು ಯಾವಾಗ ಒಟ್ಟಿಗೆ ಬಿಡಬೇಕು ಎಂಬ ನೌಕರರ ಕೈಪಳಗಿಕೆಯೂ ಅದರ ಜೊತೆಗೇ ಹೋಗುತ್ತದೆ. ಅದಕ್ಕೆ ಪಾರಂಪರಿಕ ಕಟ್ಟಡ ಎಂದು ಯಾರೂ ಫಲಕ ಹಾಕುವುದಿಲ್ಲ.

ಇನ್ನು ಮನೆಗಳ ವಿಷಯ. 1836ರಲ್ಲಿ ಲಂಡನ್ನಿಗೆ ನಾಲ್ಕು ಜಿರಾಫೆ ಬಂದವು. ಹಡಗುಕಟ್ಟೆಯಿಂದ ಪಾರ್ಕಿನವರೆಗೆ ಬೀದಿಯಲ್ಲೇ ನಡೆಸಿಕೊಂಡು ಬಂದರಂತೆ. ಅವಕ್ಕೆ ಡೆಸಿಮಸ್ ಬರ್ಟನ್ ಎಂಬ ವಾಸ್ತುಶಿಲ್ಪಿ ಮನೆ ಕಟ್ಟಿದ. ಅಲಂಕಾರ ಏನೂ ಇಲ್ಲ: ಇಟ್ಟಿಗೆಯ ಗೋಡೆ, ಚಾಚಿದ ಸೂರು, ಮುಂಭಾಗದಲ್ಲಿ ಕಮಾನಿನ ಬಾಗಿಲುಗಳು. ಬಾಗಿಲಿನ ಎತ್ತರ ಸುಮಾರು 16 ಅಡಿ. ಜಿರಾಫೆ ಕತ್ತು ಬಗ್ಗಿಸದೆ ಒಳಗೆ ಹೊರಗೆ ಓಡಾಡಬೇಕಲ್ಲ, ಅದಕ್ಕೆ. ಎರಡನೇ ಮಹಾಯುದ್ಧದಲ್ಲಿ ಏಟು ತಿಂದಿತು, ಮತ್ತೆ ಸರಿಮಾಡಿದರು. ಯಾವ ಪ್ರಾಣಿಗೆಂದು ಕಟ್ಟಿದರೋ ಅದೇ ಪ್ರಾಣಿಯನ್ನು 21ನೇ ಶತಮಾನದಲ್ಲೂ ಇಟ್ಟುಕೊಂಡಿದ್ದ ಮೃಗಾಲಯದ ಕಟ್ಟಡ ಇಷ್ಟು ಹಳೆಯದು ಇನ್ನೊಂದು ಸಿಗುವುದು ಕಷ್ಟ. ನನ್ನ ಪ್ರಕಾರ ಅದು ಬಾಳಿದ್ದಕ್ಕೆ ಕಾರಣ ಅದು ಮೂಲದಲ್ಲಿ ಒಂದು ಕೊಟ್ಟಿಗೆ ಎಂಬುದೇ. ಒಳಗಿರುವ ದನದ ಅಳತೆ ನೋಡಿ ಕಟ್ಟಿದ್ದು, ಹೊರಗೆ ನಿಂತು ನೋಡುವವರ ಕಣ್ಣಿಗಾಗಿ ಅಲ್ಲ.

ಉಳಿದವುಗಳ ಗತಿ ಬೇರೆ. ಬರ್ಟನ್ ಕಟ್ಟಿದ ಒಂಟೆಮನೆಯ ಮೇಲಿನ ಗಡಿಯಾರ ಗೋಪುರ ಇದೆ, ಕೆಳಗೆ ಒಂಟೆ ಇಲ್ಲ. 1860ರ ದಶಕದ ಕೊನೆಗೆ ಆನೆ, ಘೇಂಡಾಗಳಿಗೆ ಸಾಲ್ವಿನ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಮನೆ ಎರಡನೇ ಮಹಾಯುದ್ಧದ ಹೊತ್ತಿಗೆ ಇಲ್ಲವಾಯಿತು. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಬಾಂಬು ಝೀಬ್ರಾಗಳ ಮನೆಯ ಮೇಲೇ ಬಿತ್ತು. ಒಂದು ಝೀಬ್ರಾ ತಪ್ಪಿಸಿಕೊಂಡು ಬೆಂಕಿ ಹತ್ತಿದ ರಾತ್ರಿಯಲ್ಲಿ ಕ್ಯಾಮ್ಡನ್ ಟೌನ್ ಕಡೆ ಓಡಿತು, ಹಿಂದೆ ಝೂ ಮುಖ್ಯಸ್ಥ ಜೂಲಿಯನ್ ಹಕ್ಸ್‌ಲಿ ಮತ್ತು ಸಿಬ್ಬಂದಿ. ಬರ್ಲಿನ್ನಿನ ಕಥೆ ಇನ್ನೂ ಘೋರ. 1873ರಲ್ಲಿ ಪಗೋಡದ ಆಕಾರದಲ್ಲಿ ಕಟ್ಟಿದ್ದ ಆನೆಮನೆ 1943ರ ನವೆಂಬರಿನ ಬಾಂಬ್ ದಾಳಿಯಲ್ಲಿ ಪ್ರಾಣಿಗಳ ಸಮೇತ ಹೋಯಿತು. ಆ ಮೃಗಾಲಯದ 3,715 ಪ್ರಾಣಿಗಳಲ್ಲಿ ಯುದ್ಧ ಮುಗಿದಾಗ ಬದುಕಿದ್ದದ್ದು 91. ಎಂಬತ್ತು ವರ್ಷ ಬಿಟ್ಟು, 2023ರಲ್ಲಿ, ಬರ್ಲಿನ್ ಝೂ ಭಾರತದ ಘೇಂಡಾಗಳಿಗೆಂದು ಮತ್ತೆ ಒಂದು ಪಗೋಡ ಕಟ್ಟಿತು. ಹೋದ ಮನೆಯ ನೆನಪಿಗೆ ಹೊಸ ಮನೆ. ಘೇಂಡಾಕ್ಕೆ ಪಗೋಡ ಯಾಕೆ ಬೇಕು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ.

ಯುದ್ಧದ ನಂತರ ಲಂಡನ್ ಒಂದು ದೊಡ್ಡ ಪ್ರಯತ್ನ ಮಾಡಿತು. 1963ರಲ್ಲಿ ಕಾಲುವೆಯ ದಂಡೆಯಲ್ಲಿ ಕಾಟನ್ ಟೆರೇಸ್ ಎಂಬ ಹೊಸ ದೊಡ್ಡಿಗಳ ಸಾಲು ಎದ್ದಿತು. ಝೀಬ್ರಾ, ಜಿಂಕೆ, ಒಂಟೆ, ಕಾಡುಕುದುರೆ, ಕಾಡುದನಗಳಿಗೆ ಹಳೆಯ ಜಿರಾಫೆಮನೆಯ ಅಕ್ಕಪಕ್ಕದಲ್ಲೇ ಜಾಗ. 1965ರಲ್ಲಿ ಹ್ಯೂ ಕ್ಯಾಸನ್ ವಿನ್ಯಾಸದ ಆನೆ-ಘೇಂಡಾ ಭವನ ಬಂತು. ಒರಟು ಕಾಂಕ್ರೀಟಿನ ದುಂಡನೆಯ ಗೋಡೆಗಳು. ದೂರದಿಂದ ನೋಡಿದರೆ ಆನೆಗಳ ಗುಂಪು ನೀರಿಗೆ ಬಗ್ಗಿ ನಿಂತ ಹಾಗೆ ಕಾಣಬೇಕು ಎಂಬುದು ಕಲ್ಪನೆ. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇವತ್ತಿಗೂ ಅದನ್ನು ನೋಡಲು ಹೋಗುತ್ತಾರೆ. ಆನೆಗಳು 2001ರಲ್ಲೇ ಬಿಟ್ಟು ಹೋದವು. 36 ಎಕರೆಯ ನಗರ ಝೂನಲ್ಲಿ ಆನೆ ಸಾಕುವುದು ಸರಿಯಲ್ಲ ಎಂಬುದು ಆ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ಕಟ್ಟಡ ಮಾತ್ರ ಸಂರಕ್ಷಿತ ಪಟ್ಟಿಯಲ್ಲಿದೆ. ಕೆಡವುವ ಹಾಗಿಲ್ಲ, ದೊಡ್ಡದು ಮಾಡುವ ಹಾಗಿಲ್ಲ, ಹೊಂದುವ ಚಿಕ್ಕ ಪ್ರಾಣಿಗಳನ್ನು ಹುಡುಕಿ ತುಂಬಬೇಕು. 1934ರಲ್ಲಿ ಲ್ಯುಬೆಟ್ಕಿನ್ ಕಟ್ಟಿದ ಪೆಂಗ್ವಿನ್ ಕೊಳದ ಪಾಡೂ ಇದೇ. ಬಿಳಿ ಕಾಂಕ್ರೀಟಿನ ಎರಡು ಇಳಿಜಾರುಗಳು ಒಂದನ್ನೊಂದು ಸುತ್ತಿಕೊಂಡು ಇಳಿಯುವ ಅಂದಕ್ಕೆ ಸಂರಕ್ಷಣೆಯ ಮೊದಲ ದರ್ಜೆ ಸಿಕ್ಕಿದೆ, ಕಾಂಕ್ರೀಟಿನ ಮೇಲೆ ನಡೆದು ಪೆಂಗ್ವಿನ್ನುಗಳ ಅಂಗಾಲು ಹುಣ್ಣಾಯಿತು. 2004ರಿಂದ ಅದು ಖಾಲಿ. ಬ್ರಿಟನ್ನಿನ ಕಾನೂನಿನಲ್ಲಿ ಪ್ರಾಣಿಮನೆಗೆ ಇರುವ ರಕ್ಷಣೆ ಆ ಮನೆಯ ಪ್ರಾಣಿ ಅಲ್ಲೇ ಇರಬೇಕು ಎಂಬುದಕ್ಕೆ ಇಲ್ಲ. ಕಟ್ಟಡಕ್ಕೆ ವಕೀಲರಿದ್ದಾರೆ, ಹುಲ್ಲೆಗೆ ಯಾರೂ ಇಲ್ಲ.

ಗೊರಸಿನವು ಊರು ಬಿಡುತ್ತಿರುವುದಕ್ಕೆ ಮೊದಲ ಕಾರಣ ಜಾಗ. ಬೆದರಿದರೆ ಓಡುವುದೊಂದೇ ಅವಕ್ಕೆ ಗೊತ್ತಿರುವ ಉಪಾಯ. ಓಡಲು ಇಲ್ಲದಿದ್ದರೆ ಬೇಲಿಗೆ ಢಿಕ್ಕಿ ಹೊಡೆದು ಕತ್ತು ಮುರಿದುಕೊಳ್ಳುತ್ತವೆ. ಅಟ್ಟಿಸಿ ಹಿಡಿದರೆ ಒಂದೆರಡು ದಿನದ ನಂತರ ಸ್ನಾಯು ಕೊಳೆತು ಸಾಯುವುದೂ ಉಂಟು. ಮೆತ್ತನೆಯ ನೆಲದಲ್ಲೇ ನಿಂತರೆ ಗೊರಸು ಸವೆಯದೆ ಬೆಳೆದು ಚಪ್ಪಲಿಯ ಮೂತಿಯಂತೆ ಮೇಲಕ್ಕೆ ತಿರುಗುತ್ತದೆ. ಆಗ ಕತ್ತರಿಸಬೇಕು. ಹಸುವಿನ ಗೊರಸು ಕೆತ್ತಿದ ಹಾಗಲ್ಲ ಇದು, ಕಾಡುಹುಲ್ಲೆಗೆ ಮತ್ತಿನ ಮದ್ದು ಕೊಟ್ಟೇ ಮಾಡಬೇಕು, ಮತ್ತಿನಲ್ಲಿ ಹೊಟ್ಟೆಯುಬ್ಬರ ಬಂದರೆ ಜೀವಕ್ಕೇ ಅಪಾಯ.

ಎರಡನೆಯದು ಗಂಡುಗಳ ಲೆಕ್ಕ. ಹುಟ್ಟುವ ಕರುಗಳಲ್ಲಿ ಅರ್ಧ ಗಂಡು. ಹಿಂಡಿಗೆ ಬೇಕಾದದ್ದು ಒಂದು ಹೋರಿ. ಉಳಿದವು ಒಟ್ಟಿಗೇ ಇದ್ದರೆ ಕೊಂಬು ಮುರಿಯುವಂತೆ ಗುದ್ದಾಡುತ್ತವೆ, ಬೇರೆಯಿಟ್ಟರೆ ಅವಕ್ಕೊಂದು ದೊಡ್ಡಿ ಬೇಕು. ಹಸು ಸಾಕುವ ಮನೆಯವರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ಗಂಡುಕರು ಹುಟ್ಟಿದ ದಿನ ಮನೆಯವರ ಮುಖ ಸಪ್ಪಗಾಗುವುದು ನೋಡಿದವರೇ ನಾವು. 2014ರ ಫೆಬ್ರುವರಿಯಲ್ಲಿ ಕೋಪನ್‌ಹೇಗನ್ ಮೃಗಾಲಯ ಮಾರಿಯಸ್ ಎಂಬ ಆರೋಗ್ಯವಂತ ಗಂಡು ಜಿರಾಫೆಯನ್ನು ಕೊಂದು, ಜನರೆದುರು ಕೊಯ್ದು, ಸಿಂಹಗಳಿಗೆ ಹಾಕಿತು. ಇದರ ವಂಶದ ಜಿರಾಫೆಗಳು ಈಗಾಗಲೇ ಸಾಕಷ್ಟಿವೆ, ಇದರಿಂದ ಸಂತತಿ ಬೇಡ ಎಂಬುದು ಅವರ ಸಮರ್ಥನೆ. ಜಗತ್ತೆಲ್ಲ ಬೈದಿತು. ನನಗೂ ಆಗ ಕಸಿವಿಸಿಯಾಗಿತ್ತು. ಆದರೆ ಆ ಝೂ ಜನರಿಗೆ ಸುಳ್ಳು ಹೇಳಲಿಲ್ಲ. ಹೆಚ್ಚಿನ ಝೂಗಳು ಈ ಪ್ರಶ್ನೆ ಏಳದಂತೆ ಮಾಡುವ ಸುಲಭದ ದಾರಿ ಹಿಡಿಯುತ್ತವೆ: ಮರಿಯೇ ಹಾಕಿಸುವುದಿಲ್ಲ. ಹದಿನೈದು ವರ್ಷ ಹಾಗೆ ಮಾಡಿದರೆ ಮುದಿ ಹಿಂಡು ಉಳಿಯುತ್ತದೆ, ಆಮೇಲೆ ಅದೂ ಇಲ್ಲ.

ರೋಗದ ಕಾಟ ಇನ್ನೊಂದು. 2001ರಲ್ಲಿ ಬ್ರಿಟನ್ನಿಗೆ ಕಾಲುಬಾಯಿ ರೋಗ ಬಂದಾಗ 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಂದರು. ಆ ವೈರಸ್ಸಿಗೆ ಪಕ್ಕದ ಹಳ್ಳಿಯ ಕುರಿಯೂ ಒಂದೇ, ಮರುಭೂಮಿಯಿಂದ ಬಂದ ಅಪರೂಪದ ಹುಲ್ಲೆಯೂ ಒಂದೇ. ಹಾಗಾಗಿ ಗೊರಸಿನ ಪ್ರಾಣಿಯನ್ನು ದೇಶದಿಂದ ದೇಶಕ್ಕೆ ಸಾಗಿಸಲು ಪರೀಕ್ಷೆ, ಕ್ವಾರಂಟೈನು, ಕಾಗದಪತ್ರದ ಸರಮಾಲೆ. ಗಿಳಿಯನ್ನೋ ಮಂಗವನ್ನೋ ತರುವುದು ಇದಕ್ಕಿಂತ ವಾಸಿ ಎನಿಸಿದರೆ ಆಶ್ಚರ್ಯವಿಲ್ಲ.

ಕೊನೆಗೆ ಗೇಟಿನ ದುಡ್ಡು. 1950ರಲ್ಲಿ 30 ಲಕ್ಷ ಜನ ಕಂಡಿದ್ದ ಲಂಡನ್ ಝೂ 1990ರ ದಶಕದ ಮೊದಲಲ್ಲಿ ಬಾಗಿಲು ಹಾಕುವ ಸ್ಥಿತಿಗೆ ಬಂದಿತ್ತು. ಕುವೈತಿನ ಅಮೀರರ 10 ಲಕ್ಷ ಪೌಂಡ್ ಸೇರಿದಂತೆ ದೇಣಿಗೆಗಳಿಂದ ಉಳಿಯಿತು. ಆಮೇಲೆ ಹೂಡಿದ ದೊಡ್ಡ ದುಡ್ಡು ಯಾರಿಗೆ ಹೋಯಿತು ನೋಡಿ: 2013ರಲ್ಲಿ ಹುಲಿಗಳಿಗೆ, 2016ರಲ್ಲಿ ಸಿಂಹಗಳಿಗೆ. ಸಿಂಹದ ಆವರಣದಲ್ಲಂತೂ ಗುಜರಾತಿನ ಸಾಸಣ ಗಿರ್ ರೈಲು ನಿಲ್ದಾಣವನ್ನೇ ನಕಲು ಮಾಡಿ ಕಟ್ಟಿದ್ದಾರೆ; ರಿಕ್ಷಾ, ಬೋರ್ಡು, ಅಂಗಡಿ ಬೀದಿ ಎಲ್ಲ ಇವೆ. ಗಿರ್‌ನ ಸಿಂಹ ಬದುಕಿರುವುದೇ ಚುಕ್ಕೆ ಜಿಂಕೆ, ಕಡವೆ, ನೀಲಗಾಯಿಗಳನ್ನು ತಿಂದು. ಆ ವೇದಿಕೆಯಲ್ಲಿ ಅವಕ್ಕೆ ಪಾತ್ರ ಸಿಕ್ಕಿಲ್ಲ.

ಈಗ ಆಚೆ ಕಡೆಯ ತಕ್ಕಡಿಗೆ ಬರೋಣ. ಬೀಜಿಂಗಿನ ರಾಜರ ಬೇಟೆಯ ಆವರಣದಲ್ಲಿ ಮಾತ್ರ ಉಳಿದಿದ್ದ ಮಿಲು ಎಂಬ ಜಿಂಕೆಯನ್ನು 1865ರಲ್ಲಿ ಗೋಡೆಯಾಚೆಗೆ ಇಣುಕಿ ಕಂಡು ಹೊರಜಗತ್ತಿಗೆ ಹೇಳಿದವರು ಅರ್ಮಾಂ ಡೇವಿಡ್ ಎಂಬ ಫ್ರೆಂಚ್ ಪಾದ್ರಿ. 1890ರ ದಶಕದ ನೆರೆಯಲ್ಲಿ ಗೋಡೆ ಒಡೆಯಿತು, ಹೊರಬಂದವನ್ನು ಹಸಿದ ಜನ ತಿಂದರು. 1900ರ ಬಾಕ್ಸರ್ ದಂಗೆಯಲ್ಲಿ ಉಳಿದವೂ ಹೋದವು. ಅಷ್ಟರಲ್ಲಿ ಯೂರೋಪಿನ ಝೂಗಳಲ್ಲಿ ಅಲ್ಲೊಂದು ಇಲ್ಲೊಂದು ಇದ್ದವು, ಲಂಡನ್ನಿನಲ್ಲಿ 1869ರಿಂದಲೇ. ಬೆಡ್‌ಫರ್ಡಿನ ಡ್ಯೂಕ್ ಅವುಗಳನ್ನೆಲ್ಲ ಕೂಡಿಸಿ, 18 ಜಿಂಕೆಗಳನ್ನು ತನ್ನ ವೋಬರ್ನ್ ಎಸ್ಟೇಟಿನ ಹುಲ್ಲುಗಾವಲಿನಲ್ಲಿ ಬಿಟ್ಟ. ಇವತ್ತಿನ ಸಾವಿರಾರು ಮಿಲುಗಳೆಲ್ಲ ಅವುಗಳ ಸಂತಾನ. 1985ರಲ್ಲಿ ಬೀಜಿಂಗಿನ ಅದೇ ಹಳೆಯ ಆವರಣಕ್ಕೆ ಹಿಂತಿರುಗಿದವು.

ಅರೇಬಿಯಾದ ಬಿಳಿ ಓರಿಕ್ಸ್ ಎಂಬ ಹುಲ್ಲೆಯ ಕಥೆಯೂ ಇಂಥದೇ. 1962ರಲ್ಲಿ ಏಡನ್ ಸೀಮೆಯಲ್ಲಿ ಹಿಡಿದ ಕೆಲವು, ಕುವೈತ್ ಮತ್ತು ಸೌದಿ ದೊರೆಗಳು ಕೊಟ್ಟವು, ಲಂಡನ್ ಝೂ ಕೊಟ್ಟ ಒಂದೇ ಒಂದು ಹೆಣ್ಣು, ಇವಿಷ್ಟೂ ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿ ಸೇರಿ ಹಿಂಡಾದವು. 1972ರಲ್ಲಿ ಕಾಡಿನ ಕೊನೆಯವನ್ನು ಬೇಟೆಗಾರರು ಕೊಂದರು. 1982ರಲ್ಲಿ ಝೂ ಸಂತತಿಯನ್ನು ಒಮಾನಿನ ಮರುಭೂಮಿಗೆ ಬಿಟ್ಟರು. ಮತ್ತೆ ಕಳ್ಳಬೇಟೆ ಶುರುವಾಗಿ ಆ ಅಭಯಾರಣ್ಯವನ್ನು 2007ರಲ್ಲಿ ಯುನೆಸ್ಕೊ ತನ್ನ ವಿಶ್ವ ಪರಂಪರೆಯ ಪಟ್ಟಿಯಿಂದಲೇ ತೆಗೆದುಹಾಕಿತು, ಅದೂ ನಿಜ. ಆದರೂ ಬೇರೆ ಕಡೆ ಬಿಟ್ಟವು ಸೇರಿ 2011ರ ಹೊತ್ತಿಗೆ ಅದರ ಸ್ಥಿತಿ ಸುಧಾರಿಸಿತು. ಯೂರೋಪಿನ ಕಾಡುಕೋಣ 54ಕ್ಕೆ ಇಳಿದಿತ್ತು, ಮಂಗೋಲಿಯದ ಪ್ರಜೆವಾಲ್ಸ್ಕಿ ಕುದುರೆ 1969ರ ನಂತರ ಕಾಡಿನಲ್ಲಿ ಕಾಣಲಿಲ್ಲ. ಎರಡೂ ಝೂಗಳ ದೆಸೆಯಿಂದ ಹಿಂತಿರುಗಿವೆ. ಕತ್ತಿಯಂತೆ ಬಾಗಿದ ಕೊಂಬಿನ ಸಹಾರಾ ಓರಿಕ್ಸನ್ನು 2016ರಿಂದ ಚಾಡ್ ದೇಶದಲ್ಲಿ ಬಿಡುತ್ತಿದ್ದಾರೆ. 2023ರ ಡಿಸೆಂಬರಿನಲ್ಲಿ ಅದರ ಹೆಸರು "ಕಾಡಿನಲ್ಲಿ ನಿರ್ನಾಮ" ಎಂಬ ಪಟ್ಟಿಯಿಂದ ಆಚೆ ಬಂತು.

ಒಂದು ಮಾತು ಗಮನಿಸಬೇಕು. ಈ ಯಾವ ಹಿಂಡೂ ಬೆಳೆದದ್ದು ರೀಜೆಂಟ್ಸ್ ಪಾರ್ಕಿನ ದೊಡ್ಡಿಯಲ್ಲಲ್ಲ. ಬೆಳೆದದ್ದು ಹೆಚ್ಚಾಗಿ ಎಸ್ಟೇಟುಗಳಲ್ಲಿ, ಬಯಲಿನಲ್ಲಿ. ಲಂಡನ್ ಝೂನವರೇ 1931ರಲ್ಲಿ ಊರಾಚೆ ವಿಪ್ಸ್‌ನೇಡ್‌ನಲ್ಲಿ 600 ಎಕರೆಯ ಇನ್ನೊಂದು ಮೃಗಾಲಯ ತೆರೆದದ್ದು ಇದಕ್ಕೇ. ಹಾಗಾಗಿ ಗೊರಸಿನವು ನಗರ ಬಿಟ್ಟು ಬಯಲಿಗೆ ಹೋಗುವುದರಲ್ಲಿ ನನಗೆ ತಕರಾರಿಲ್ಲ, ಹೋಗಲಿ. ತಕರಾರು ಇರುವುದು ದಾರಿಯಲ್ಲಿ ಕಳೆದುಹೋಗುವವುಗಳ ಬಗ್ಗೆ. ಬಯಲಿನ ಝೂಗೂ ಬೇಕಿರುವುದು ಬಿಳಿ ಘೇಂಡಾ, ಜಿರಾಫೆ, ಝೀಬ್ರಾ. ಇಪ್ಪತ್ತು ಬಗೆಯ ಹುಲ್ಲೆಗಳ ಸಾಲು ಬಸ್ಸಿನಲ್ಲಿ ತೆರಳುವಾಗ ಎರಡೋ ಮೂರೋ ಬಗೆಗಷ್ಟೇ ಸೀಟು ಸಿಗುತ್ತದೆ. ಸಹಾರಾದ ಆಡಾಕ್ಸ್ ಎಂಬ ತಿರುಚು ಕೊಂಬಿನ ಹುಲ್ಲೆ ಕಾಡಿನಲ್ಲಿ ನೂರಕ್ಕಿಂತ ಕಡಿಮೆ ಇರಬಹುದು. ಅದರ ಹೆಸರು ಹೇಳಿ ಟಿಕೆಟ್ ಕೊಳ್ಳುವವರು ಯಾರು?

ನಮ್ಮಲ್ಲಿ ಚಿತ್ರ ಬೇರೆ, ಕಾಯಿಲೆ ಅದೇ. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಶುರುವಾದ ಮೈಸೂರು ಮೃಗಾಲಯ ಕೂರ್ಗಳ್ಳಿಯಲ್ಲಿ ಪ್ರತ್ಯೇಕ ಕೇಂದ್ರ ಮಾಡಿ ಕಾಟಿಗಳನ್ನು ಬೆಳೆಸುತ್ತಿದೆ. ಲಂಡನ್ ವಿಪ್ಸ್‌ನೇಡ್‌ನಲ್ಲಿ ಮಾಡಿದ್ದೇ ಇದು, ಅಳತೆ ಚಿಕ್ಕದು. ಇನ್ನೊಂದು ಕಡೆ, ಎಷ್ಟು ಬೇಕಾದರೂ ಮರಿ ಹಾಕುವ ಚುಕ್ಕೆ ಜಿಂಕೆ, ಕೃಷ್ಣಮೃಗಗಳಿಂದ ದೇಶದ ಎಷ್ಟೋ ಝೂಗಳು ತುಂಬಿ ತುಳುಕುತ್ತಿವೆ. ಒಂದೇ ಆವರಣದಲ್ಲಿ ಹಿಂಡೆಲ್ಲ ಒಟ್ಟಿಗಿದ್ದರೆ ಏನಾಗಬಹುದು ಎಂಬುದನ್ನು 2025ರ ನವೆಂಬರಿನಲ್ಲಿ ಬೆಳಗಾವಿ ಬಳಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ ನೋಡಿದೆವು. ಕೆಲವೇ ದಿನಗಳಲ್ಲಿ 30ಕ್ಕೂ ಹೆಚ್ಚು ಕೃಷ್ಣಮೃಗ ಗಳಲೆ ರೋಗಕ್ಕೆ ಬಲಿಯಾದವು. ನಮ್ಮ ಎಮ್ಮೆ, ದನಗಳಿಗೆ ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸುತ್ತೇವಲ್ಲ, ಅದೇ ರೋಗ. ಇನ್ನು ನಾಲ್ಕು ಕೊಂಬಿನ ಕೊಂಡುಕುರಿ: ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಅದಕ್ಕೆಂದೇ 2011ರಲ್ಲಿ ಅಭಯಾರಣ್ಯ ಮಾಡಿದ್ದೇವೆ. ಆ ಪ್ರಾಣಿಯನ್ನು ಝೂನಲ್ಲಿ ನೋಡಿದ್ದೇನೆ ಎನ್ನುವ ಹತ್ತು ಜನ ನನಗೆ ಸಿಕ್ಕಿಲ್ಲ. ಒಂಟಿಯಾಗಿ ಪೊದೆಯಲ್ಲಿ ಅಡಗುವ ಪ್ರಾಣಿ, ಹಿಂಡು ಕಟ್ಟುವುದಿಲ್ಲ, ಬೇಲಿಯ ಹತ್ತಿರ ಬರುವುದಿಲ್ಲ. ಅದನ್ನು ಸಾಕಿ ಮರಿ ಮಾಡಿಸುವ ಕೈಪಳಗಿಕೆಯನ್ನು ಈಗಲೇ ಬೆಳೆಸಿಕೊಳ್ಳಬೇಕು, ಸಂಖ್ಯೆ ಐವತ್ತಕ್ಕೆ ಇಳಿದ ಮೇಲಲ್ಲ.

ಇಳಿದ ಮೇಲೆ ಹೊರಟರೆ ಏನಾಗುತ್ತದೆ ಎಂಬುದಕ್ಕೆ ಸಾವೊಲಾ ಇದೆ. ವಿಯೆಟ್ನಾಂ ಮತ್ತು ಲಾವೋಸ್ ಗಡಿಯ ಬೆಟ್ಟಗಳ ಈ ಹುಲ್ಲೆಯಂಥ ಪ್ರಾಣಿ ವಿಜ್ಞಾನಕ್ಕೆ ಗೊತ್ತಾದದ್ದೇ 1992ರಲ್ಲಿ, ಬೇಟೆಗಾರರ ಮನೆಯ ಗೋಡೆಗೆ ತೂಗುಹಾಕಿದ್ದ ನೇರ ಉದ್ದ ಕೊಂಬುಗಳಿಂದ. ಆಮೇಲೆ ಹಿಡಿದು ತಂದವು ಕೆಲವು ವಾರ, ಕೆಲವು ತಿಂಗಳಲ್ಲೇ ಸತ್ತವು. ಏನು ತಿನ್ನಿಸಬೇಕು, ಹೇಗೆ ಇಡಬೇಕು ಎಂದು ಬಲ್ಲವರು ಯಾರೂ ಇರಲಿಲ್ಲ. 2013ರ ಸೆಪ್ಟೆಂಬರಿನಲ್ಲಿ ವಿಯೆಟ್ನಾಮಿನ ಕಾಡಿನ ಒಂದು ಕ್ಯಾಮೆರಾ ಟ್ರ್ಯಾಪಿನಲ್ಲಿ ಒಂದು ಸಾವೊಲಾ ಹಾದು ಹೋಯಿತು. ಅದರ ನಂತರದ ಫೋಟೊ ಇಲ್ಲ. ಸಂತಾನಾಭಿವೃದ್ಧಿ ಕೇಂದ್ರದ ಯೋಜನೆ ತಯಾರಿದೆ. ಬೇಲಿಯೊಳಗೆ ಬಿಡಲು ಒಂದು ಜೊತೆ ಸಿಗುತ್ತದೋ ಎಂದು ಕಾಡಿನಲ್ಲಿ ಹುಡುಕುತ್ತಿದ್ದಾರೆ.